ಹಾಳೆಯಲ್ಲಿಲ್ಲದ ಸಾಲು

"ಓದೋಕೆ ಬಂದವರು ನೀವೇನಾ?"

ಬಾಗಿಲು ಅರ್ಧ ತೆರೆದಿತ್ತು. ತೆರೆದ ಅರ್ಧದಲ್ಲಿ ಒಬ್ಬಳು ನಿಂತಿದ್ದಳು. ತುರುಬಿನಲ್ಲಿ ಸಿಕ್ಕಿಸಿದ ಕೆಂಪು ಪೆನ್ಸಿಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಮೇಲಿಂದ ಇಣುಕುವ ಕಣ್ಣು. ಸಂತೆಯಲ್ಲಿ ಬಾಡಿದ ಸೊಪ್ಪನ್ನು ಹಾಗೆ ನೋಡುವವರಿರುತ್ತಾರೆ. ಕೊಳ್ಳುವುದಿಲ್ಲವೆಂದು ಮೊದಲೇ ತೀರ್ಮಾನವಾಗಿರುತ್ತದೆ, ಆದರೂ ಒಮ್ಮೆ ಎತ್ತಿ ತಿರುಗಿಸುತ್ತಾರೆ.

ಅವನು ಬಂದದ್ದು ಓದುವುದಕ್ಕಲ್ಲ. ಮಕ್ಕಳ ಪುಸ್ತಕ ಮಾಡುವ ಆ ಪ್ರೆಸ್ಸಿಗೆ ತಾನು ಬರೆದು ಕೊಟ್ಟಿದ್ದ ಕಾದಂಬರಿಯನ್ನು ವಾಪಸ್ ಕೇಳಲು ಬಂದಿದ್ದ. ಜನ ಓದಿ ಏನಂದಾರೋ ಎಂದು ಹೆದರಿಕೆ ಹತ್ತಿತ್ತು. ಕಾದಂಬರಿ ಯಾವುದರ ಮೇಲೆ ಅಂದರೆ, ಧೈರ್ಯದ ಮೇಲೆ.

"ನಿಮ್ಮನ್ನೇ ಕೇಳ್ತಿರೋದು. ಓದೋಕಾ?"

"ಹೌದು" ಅಂದುಬಿಟ್ಟ.

ದೇವರು ಮನುಷ್ಯನಿಗೆ ನಾಲಿಗೆ ಕೊಟ್ಟದ್ದು ಒಳಗಿರುವುದು ಹೊರಗೆ ಬರಲಿ ಎಂದು. ಕೆಲವರು ಅದನ್ನು ಅಗುಳಿಯ ಹಾಗೆ ಬಳಸುತ್ತಾರೆ. ಒಳಗಿನಿಂದ ಹಾಕಿಕೊಂಡು ಕೂರುತ್ತಾರೆ. ಈ ಕಥೆ ಅಂಥವನೊಬ್ಬನದು. ಅವನ ಮೇಲೆ ಮರುಕ ಪಡುವ ಆತುರ ಯಾರಿಗೂ ಬೇಡ.

ಆ ಪ್ರೆಸ್ಸಿನಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಇಬ್ಬರು ಕೂತು ಅದನ್ನು ಬಾಯಿಬಿಟ್ಟು ಓದಿ ತಾಳೆ ನೋಡಬೇಕು. ಒಬ್ಬರು ಲೇಖಕ ಕೊಟ್ಟ ಮೂಲಪ್ರತಿಯನ್ನು ಹಿಡಿದು ಓದುತ್ತಾರೆ. ಬರೀ ಮಾತನ್ನಲ್ಲ, ಕಾಮಾ, ಚುಕ್ಕಿ, ಉದ್ಗಾರ ಎಲ್ಲವನ್ನೂ ಹೆಸರು ಹೇಳಿ ಓದುತ್ತಾರೆ. ಇನ್ನೊಬ್ಬರು ಕರಡಚ್ಚಿನ ಮೇಲೆ ಸ್ಕೇಲು ಸರಿಸುತ್ತ ತಪ್ಪು ಹಿಡಿಯುತ್ತಾರೆ. ಬರೆದವನ ಹೆಸರು ಕಂಡರೆ ಕಣ್ಣು ಸಲಿಗೆ ಕೊಡುತ್ತದೆ ಎಂದು ಪ್ರೆಸ್ಸಿನ ಒಡತಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಹೆಸರಿದ್ದ ಮೊದಲ ಹಾಳೆಯನ್ನೇ ತೆಗೆದಿಡುತ್ತಿದ್ದರು. ಮೇಲೊಂದು ಕಟ್ಟಳೆ: ಓದುವವರು ಒಂದಕ್ಷರವನ್ನೂ ಬದಲಿಸುವಂತಿಲ್ಲ. ತಿದ್ದುವವರೂ ಅಚ್ಚಿನ ತಪ್ಪನ್ನಷ್ಟೇ ಮುಟ್ಟಬೇಕು. ಕಥೆಯನ್ನು ಮುಟ್ಟುವ ಹಕ್ಕು ಬರೆದವನೊಬ್ಬನಿಗೇ.

ಕಾಯಮ್ಮಾಗಿ ಓದುತ್ತಿದ್ದ ಮುದುಕ, ಒಂದು ಕಾಲದ ನಾಟಕದ ರಾಜ, ಗಂಟಲು ಕಟ್ಟಿ ಮನೆಯಲ್ಲಿ ಮಲಗಿದ್ದ. ಬದಲಿಗೆ ಯಾರನ್ನೋ ಕಳಿಸುತ್ತೇನೆ ಎಂದಿದ್ದ. ಆ ಯಾರೋ ಬರಲಿಲ್ಲ. ಇವನು ಬಂದ.

ತಿದ್ದುವವಳು ದೊಡ್ಡಮ್ಮನ ತಂಗಿಯ ಮಗಳು. ಪ್ರೆಸ್ಸಿನವರು ಅವಳನ್ನು ಸೂಜಿ ಅನ್ನುತ್ತಿದ್ದರು, ಅದೂ ಎದುರಿಗೇ. ಅವಳಿಗೆ ಅದರಲ್ಲಿ ತಕರಾರಿರಲಿಲ್ಲ.

"ಕೂತ್ಕೊಳ್ಳಿ, ಓದೋರೇ." ಅವಳು ಮೇಜಿನಾಚೆಯಿಂದ ಒಂದು ಕಟ್ಟು ತಳ್ಳಿದಳು. "ಮೊದಲೇ ಹೇಳ್ಬಿಡ್ತೀನಿ. ಇದು ಮಾಟ ಮಂತ್ರದ ಪುಸ್ತಕ, ಮಕ್ಕಳಿಗಂತೆ. ನಗು ಬಂದ್ರೆ ಕೆಮ್ಮಿದ ಹಾಗೆ ಮಾಡಿ. ನಾನೂ ಹಾಗೇ ಮಾಡೋದು."

ಕಟ್ಟು ಬಿಚ್ಚಿದರೆ ಅವನದೇ ಕಾದಂಬರಿ. ಅವನು ನಿಜವಾಗಿಯೂ ಕೆಮ್ಮಿದ.

"ಒಂದೂರಿನಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದರು ಚುಕ್ಕಿ" ಎಂದು ಶುರುಮಾಡಿದ. "ಏಕೆಂದರೆ ಕಾಮಾ ಊರಿನ ಕೆಳಗೆ ಒಬ್ಬ ರಾಕ್ಷಸ ಮಲಗಿದ್ದ ಚುಕ್ಕಿ. ಗಟ್ಟಿಯಾಗಿ ಮಾತಾಡಿದರೆ ಎದ್ದುಬಿಡುತ್ತಾನೆ ಉದ್ಗಾರ ಉದ್ಗಾರ ಉದ್ಗಾರ."

ಸ್ಕೇಲು ನಿಂತಿತು. "ಮೂರಾ?"

"ಮೂರು."

"ಒಂದು ಹಾಕಿದ್ರೆ ರಾಕ್ಷಸನಿಗೆ ಎಚ್ಚರ ಆಗ್ತಿರ್ಲಿಲ್ವಂತಾ? ಮೂರು ಹಾಕೋರೆಲ್ಲ ಹೀಗೇ. ಒಳಗೆ ಸರಕಿಲ್ಲ ಅಂತ ಬಾಗಿಲಿಗೆ ತೋರಣ ಕಟ್ಟೋರು. ಓದಿ ಮುಂದೆ."

ಓದಿದ. ಆ ಪಿಸುಮಾತಿನ ಊರಿನಲ್ಲೂ ಎಲ್ಲರಿಗಿಂತ ಸಣ್ಣ ದನಿಯ ಒಬ್ಬ ಹುಡುಗಿ. ಅವಳಿಗೊಂದು ಮಣ್ಣಿನ ಸೀಟಿ ಸಿಗುತ್ತದೆ. ಊದಿದರೆ ಬಾಗಿಲು ತೆರೆಯುತ್ತದೆ, ಗಾಳಿ ನಿಲ್ಲುತ್ತದೆ. ಊರಿಗೆ ಮಾತು ವಾಪಸ್ ತರಲು ಅವಳು ರಾಕ್ಷಸನ ಗುಹೆಗೆ ಹೊರಡುತ್ತಾಳೆ. ಜೊತೆಗೆ ಒಂದು ಮೇಕೆ.

"ಮೇಕೆ ಮಾತಾಡುತ್ತೆ" ಅಂದಳು ಸೂಜಿ. ಡಾಕ್ಟರು ಕೆಟ್ಟ ರಿಪೋರ್ಟನ್ನು ಓದಿ ಹೇಳುವ ದನಿ.

"ಹೌದು."

"ಯಾಕೆ?"

"ಅದಕ್ಕೂ ಏನೋ ಹೇಳೋದಿರುತ್ತೆ, ಅನ್ಸುತ್ತೆ."

"ಏನಿರುತ್ತೆ ಮೇಕೆಗೆ ಹೇಳೋದು? ಇಲ್ಲೇ ನೋಡಿ. 'ನಿನ್ನನ್ನು ನೀನು ನಂಬು.' ನಮ್ಮ ಬ್ಯಾಂಕಿನ ಕ್ಯಾಲೆಂಡರೂ ಇದನ್ನೇ ಹೇಳುತ್ತೆ. ಅದಕ್ಕೆ ಸೊಪ್ಪು ಹಾಕೋ ಖರ್ಚೂ ಇಲ್ಲ."

ಅವಳು ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳಿದಳು. ಅದು ಮತ್ತೆ ಜಾರಿತು.

"ಇದನ್ನ ಬರೆದ ಮಹಾನುಭಾವ ಹೇಗಿರ್ತಾನೆ ಹೇಳ್ಲಾ? ಕೈಯಲ್ಲಿ ಕೊಡೆ ಇಟ್ಕೊಂಡೂ ಮೋಡ ನೋಡಿ ವಾಪಸ್ ಹೋಗೋ ಜಾತಿ. ಸರದೀಲಿ ಯಾರಾದ್ರೂ ಮುಂದೆ ನುಗ್ಗಿದ್ರೆ ಸುಮ್ನಿದ್ದು, ಮನೆಗೆ ಬಂದು ಗೋಡೆಗೆ ಬೈಯೋನು. ಇಂಥೋರೇ ಧೈರ್ಯದ ಮೇಲೆ ಬರೆಯೋದು. ಹಸಿದೋನು ಊಟದ ಕನಸು ಕಂಡ ಹಾಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಅದನ್ನೂ ಮಾಡಲಿಲ್ಲ. ಕೈ ಎತ್ತುವುದಕ್ಕೂ ಒಂದಿಷ್ಟು ಎದೆ ಬೇಕು.

ನಾಚಿಕೆಯಾಯಿತೇ ಎಂದು ಕೇಳಿದರೆ, ಆಯಿತು. ಎದ್ದು ಹೋದನೇ ಎಂದು ಕೇಳಿದರೆ, ಇಲ್ಲ. ಅವಳು ಸ್ಕೇಲು ಸರಿಸುವಾಗ ತುಟಿ ಅವನು ಓದಿದ ಮಾತನ್ನೇ ಸದ್ದಿಲ್ಲದೆ ಹಿಂಬಾಲಿಸುತ್ತಿತ್ತು. ತಾನು ಒಂಟಿಯಾಗಿ ಕೂತು ಬರೆದ ಮಾತು ಅಷ್ಟು ಹತ್ತಿರದಲ್ಲಿ ಇನ್ನೊಬ್ಬರ ತುಟಿಯ ಮೇಲೆ ಓಡುವುದನ್ನು ಅವನು ಎಂದೂ ಕಂಡಿರಲಿಲ್ಲ. ಬೈಗುಳದ ಪಕ್ಕದಲ್ಲೇ ಆ ಸುಖವೂ ಕೂತಿತ್ತು. ಹೇಡಿಗಳಿಗೆ ಸುಖ ಯಾವಾಗಲೂ ಹೀಗೇ, ಯಾರದೋ ಹೆಸರಿನ ಮರೆಯಲ್ಲಿ ಸಿಗುತ್ತದೆ.

ಮನೆಗೆ ಹೋದಾಗ ಅಕ್ಕ ಕೇಳಿದಳು, "ಪುಸ್ತಕ ವಾಪಸ್ ತಂದ್ಯಾ?"

"ಇಲ್ಲ. ಅಲ್ಲೇ ಕೂತು ಓದಿ ಬಂದೆ."

"ನಿನ್ನ ಪುಸ್ತಕಾನ? ನೀನೇ? ಅವರಿಗೆ ಗೊತ್ತಾ?"

"ನಾಳೆ ಹೇಳ್ತೀನಿ."

ಅಕ್ಕ ಗಂಡನ ಕಡೆ ತಿರುಗಿದಳು. "ಇವನು ಹುಟ್ಟಿದಾಗ ಬೆನ್ನುಮೂಳೆನ ಆಸ್ಪತ್ರೇಲೇ ಮರೆತು ಬಂದಳು ನಮ್ಮಮ್ಮ. ಈಗ ಹೋಗಿ ಕೇಳಿದ್ರೆ ಕೊಡ್ತಾರಾ?"

ಭಾವ ಪೇಪರಿನ ಹಿಂದೆ ಗೊಳ್ಳೆಂದು ನಕ್ಕ. ಆ ನಗು ಅವನಿಗೆ ಹೊಸದಲ್ಲ. ಕಾದಂಬರಿಯ ಮೊದಲ ಪ್ರತಿ ಕೇಳಿ ಭಾವ ಹೀಗೇ ನಕ್ಕಿದ್ದ. ಅದರಲ್ಲಿ ಸೀಟಿ ಬರೀ ಮಣ್ಣು. ಕೊನೆಗೆ ಅದು ಒಡೆಯುತ್ತದೆ, ಹುಡುಗಿ ಸ್ವಂತ ದನಿಯಲ್ಲಿ ಕೂಗುತ್ತಾಳೆ. "ಒಂದು ಪಿಳ್ಳೆ ಕೂಗಿದ್ರೆ ರಾಕ್ಷಸ ಹೆದರ್ತಾನೇನೋ? ದೊಡ್ಡೋರು ಯಾರನ್ನಾದ್ರೂ ಕರೆಸು ಮಾರಾಯ" ಎಂದಿದ್ದ ಭಾವ. ಇವನು ಆ ಭಾಗವನ್ನೆಲ್ಲ ತೆಗೆದು, ಬಿಳಿಗಡ್ಡದ ಮಾಂತ್ರಿಕನೊಬ್ಬನನ್ನು ಕರೆಸಿದ. ಧೈರ್ಯದ ಪುಸ್ತಕದಿಂದ ಧೈರ್ಯವನ್ನೇ ಕಿತ್ತುಹಾಕಿದ ಪುಣ್ಯಾತ್ಮ.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಜನರನ್ನು ಗೋಡೆಯ ಅಕ್ಷರದ ಮುಂದೆ ಕೂರಿಸಿ "ಈಗ ಕಾಣುತ್ತಾ?" ಎಂದು ಕೇಳುವ ಕೆಲಸ. ರಜ ಹಾಕಿದ.

ಮರುದಿನ ದೊಡ್ಡಮ್ಮ ಓದುವ ಕೋಣೆಗೆ ಇಣುಕಿದರು. ಕಾದಂಬರಿ ಕೊಡಲು ಬಂದಾಗ ಅವನನ್ನು ಕಂಡು ಮಾತಾಡಿದ್ದವರು ಅವರು. ಹೇಳಬೇಡಿ ಎಂದು ಅವನು ಸೂಜಿಗೆ ಕಾಣದ ಹಾಗೆ ಕಣ್ಣಲ್ಲೇ ಬೇಡಿಕೊಂಡ. ದೊಡ್ಡಮ್ಮ ಹುಬ್ಬೇರಿಸಿ, ಬಾಯಲ್ಲಿದ್ದ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಕಳಿಸಿದರು.

"ಓದಪ್ಪಾ, ಓದು. ಕೆಲವರು ಬರೆದು ಕೆಟ್ಟರು. ನೀನು ಓದಿಯಾದ್ರೂ ಉದ್ಧಾರ ಆಗು."

ಅಂದೇ ಅವನು ಎಡವಿದ್ದು. ಹುಡುಗಿ ಮೊದಲ ಸಲ ಸೀಟಿ ಊದುವ ಜಾಗ. ಆ ಪುಟವನ್ನು ಎಷ್ಟು ಸಲ ಬರೆದಿದ್ದನೆಂದರೆ, ಅವನಿಗೆ ಹಾಳೆ ಬೇಕಿರಲಿಲ್ಲ. ಕಣ್ಣು ಅವಳ ಕೆನ್ನೆಯ ಮೇಲೆ ಬಿದ್ದ ಕಿಟಕಿಯ ಬೆಳಕಿನಲ್ಲಿತ್ತು. ಬಾಯಿ ತನ್ನ ಪಾಡಿಗೆ ನಡೆಯಿತು.

"ಅವಳು ಸೀಟಿ ಊದಿದಳು ಚುಕ್ಕಿ. ಬಾಗಿಲು ತೆರೆಯಿತು ಚುಕ್ಕಿ. ಸೀಟಿಯಲ್ಲಿ ಮಾಯೆಯಿರಲಿಲ್ಲ ಚುಕ್ಕಿ. ಉಸಿರು ಅವಳದೇ ಆಗಿತ್ತು ಚುಕ್ಕಿ."

ಸ್ಕೇಲು ನಿಂತಿತು.

ಅವಳು ಕರಡನ್ನು ನೋಡಿದಳು. ಕೈ ಚಾಚಿ ಅವನ ಬೆರಳಿನಡಿಯಿಂದ ಮೂಲದ ಹಾಳೆಯನ್ನು ಎಳೆದುಕೊಂಡು ಅದನ್ನೂ ನೋಡಿದಳು. ಕೊನೆಗೆ ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

"ಕಣ್ಣು ತಪ್ಪಿತು" ಅಂದ ಅವನು. ಕಿವಿ ಕೆಂಪಾಗಿತ್ತು.

"ಹ್ಞೂಂ" ಅಂದಳು. ಹಾಳೆ ವಾಪಸ್ ಬಂತು. "ಮುಂದೆ."

ಆಮೇಲೆ ಅವಳ ನಾಲಿಗೆಗೆ ಹೊಸ ಸಾಣೆ ಹಿಡಿದ ಹಾಗಾಯಿತು. ಪುಟ ಪುಟಕ್ಕೂ ಲೇಖಕನ ಶ್ರಾದ್ಧ. ಮಾತಿನ ನಡುವೆ ಥಟ್ಟನೆ ಪ್ರಶ್ನೆ. "ಈ ಪುಣ್ಯಾತ್ಮ ನಿಮ್ಮೆದುರು ಬಂದು ಕೂತ್ರೆ ಏನ್ ಕೇಳ್ತೀರಿ, ಓದೋರೇ?" "ಹುಡುಗಿ ಇಷ್ಟು ಹೊತ್ತಾದ್ರೂ ಬಾಯಿ ಬಿಡಲ್ವಲ್ಲ, ಬರೆದೋನಿಗೂ ಇದೇ ಕಾಯಿಲೆ ಇರ್ಬಹುದಾ?" ಅವನು ನಗಲು ಹೋಗಿ ಕೆಮ್ಮುವನು, ಕೆಮ್ಮಲು ಹೋಗಿ ನೀರು ಕುಡಿಯುವನು.

ಅವಳ ಕನ್ನಡಕ ಮಾತ್ರ ಜಾರುತ್ತಲೇ ಇತ್ತು. ಒಂದು ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ."

"ಏನು?"

"ಕನ್ನಡಕ. ಎಡಗಡೆ ಸ್ಕ್ರೂ ಸಡಿಲ ಆಗಿದೆ."

ಜೇಬಿನಿಂದ ಕಡ್ಡಿಯಂಥ ಸ್ಕ್ರೂಡ್ರೈವರ್ ತೆಗೆದು ಬಿಗಿಮಾಡಿದ. ಅಂಗಿಯ ಅಂಚಿನಿಂದ ಗಾಜು ಒರೆಸಿದ. ತಲೆಯೆತ್ತಿದರೆ ಕನ್ನಡಕವಿಲ್ಲದ ಅವಳ ಮುಖ. ಹತ್ತಿರದ್ದೇನೂ ಕಾಣದೆ ಸ್ವಲ್ಪ ಕಿರಿದಾದ ಕಣ್ಣು, ಮೂಗಿನ ಎರಡು ಬದಿಗೆ ಗುಲಾಬಿ ಗುರುತು. ಬೈಗುಳದ ಆಯುಧವೆಲ್ಲ ಕೆಳಗಿಟ್ಟು ಬಂದಂಥ ಮುಖ. ಅವನೇ ಕನ್ನಡಕ ತೊಡಿಸಿದ. ಕೈ ಕಿವಿಯ ಹಿಂದೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು. ಅವಳು ತಲೆ ಹಿಂದಕ್ಕೆಳೆಯಲಿಲ್ಲ.

"ಈಗ ಕಾಣುತ್ತಾ?" ಎಂದ, ಅಭ್ಯಾಸಬಲದಿಂದ.

"ಕಾಣುತ್ತೆ. ಚೆನ್ನಾಗೇ ಕಾಣುತ್ತೆ." ತಗ್ಗಿದ ದನಿ. "ಓದೋರ ಜೇಬಲ್ಲಿ ಸ್ಕ್ರೂಡ್ರೈವರ್ ಯಾಕಿರುತ್ತೆ?"

ಬಾಗಿಲು ಅಲ್ಲೇ ಇತ್ತು, ತೆರೆದೇ ಇತ್ತು. ಅವನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

"ಇರುತ್ತೆ, ಹೀಗೇ" ಅಂದ.

ಅವಳ ಮುಖದ ದೀಪ ಆರಿತು. "ಹೀಗೇ" ಎಂದು ಅವನ ಮಾತನ್ನು ಅವನಿಗೇ ಒಪ್ಪಿಸಿದಳು, ನೊಣ ಬಿದ್ದ ಲೋಟವನ್ನು ವಾಪಸ್ ಸರಿಸಿದ ಹಾಗೆ. "ಓದಿ."

ಶುಕ್ರವಾರ ಬಂತು. ಕೊನೆಯ ಅಧ್ಯಾಯ ಉಳಿದಿತ್ತು. ನಾಟಕದ ರಾಜನ ಗಂಟಲು ಬಿಟ್ಟಿದೆ, ಸೋಮವಾರದಿಂದ ಬರುತ್ತಾನೆ ಎಂದು ದೊಡ್ಡಮ್ಮ ಹೇಳಿದರು. ಪುಸ್ತಕ ನಾಳೆಯೇ ಅಚ್ಚಿಗೆ. ಅಂದರೆ ಇಂದು ಸಂಜೆಯ ಮೇಲೆ ಈ ಕುರ್ಚಿ ಅವನದಲ್ಲ, ಆ ಮೇಜಿನಾಚೆಯ ನೋಟವೂ ಅವನದಲ್ಲ. ಗಡ್ಡದ ಮಾಂತ್ರಿಕ ಮಾತ್ರ ಸಾವಿರಾರು ಮಕ್ಕಳ ಕೈಗೆ ಹೋಗಿ, ಕೂಗಲು ಬಾಯಿ ತೆರೆದ ಹುಡುಗಿಯ ಬಾಯನ್ನು ಕಾಯಮ್ಮಾಗಿ ಮುಚ್ಚಿಬಿಡುತ್ತಾನೆ. ಪಕ್ಕದ ಕೋಣೆಯಲ್ಲಿ ಮಷೀನು ಇನ್ನಾವುದೋ ಪುಸ್ತಕವನ್ನು ಧಡಧಡ ಹೊಡೆಯುತ್ತಿತ್ತು. ಅವನು ದನಿಯೇರಿಸಿ ಓದಬೇಕಾಯಿತು.

"ಗುಹೆಯ ಬಾಯಲ್ಲಿ ಅವಳ ಕೈ ನಡುಗಿತು ಚುಕ್ಕಿ. ಸೀಟಿ ಜಾರಿ ಬಿದ್ದು ಒಡೆಯಿತು ಚುಕ್ಕಿ. ಆಗ ಕಾಮಾ ಬೆಳಕಿನ ನಡುವೆ ಬಿಳಿಗಡ್ಡದ ಮಾಂತ್ರಿಕನೊಬ್ಬ ಪ್ರತ್ಯಕ್ಷನಾದ ಉದ್ಗಾರ ಉದ್ಗಾರ ಉದ್ಗಾರ."

ಸೂಜಿ ಪೆನ್ಸಿಲನ್ನು ಕೆಳಗಿಟ್ಟಳು.

"ಬಂದಾ? ಬಂದಾ ನಮ್ಮಪ್ಪ? ಇಷ್ಟು ದೂರ ಆ ಮಗು ನಡ್ಕೊಂಡು ಬಂದಿದೆ, ಆ ಹಾಳು ಮೇಕೆನ ಕಟ್ಕೊಂಡು. ಇನ್ನೇನು ಬಾಯಿ ತೆರೀಬೇಕು, ಆಗ ಬಂದ ಗಡ್ಡ ಬಿಟ್ಕೊಂಡು. ಇವನು ಯಾರು? ಎಲ್ಲಿದ್ದ ಇಷ್ಟು ದಿನ? ಬಸ್ ತಪ್ಪಿತ್ತಾ?" ದನಿಯಲ್ಲಿ ಈಗ ತಮಾಷೆಯಿರಲಿಲ್ಲ. "ಮಕ್ಕಳಿಗೆ ಇದನ್ನ ಕೊಡ್ತಾರೆ. ಹೆದರಿದ್ರೆ ಸುಮ್ನಿರು, ಯಾರೋ ದೊಡ್ಡೋರು ಬಂದು ನಿನ್ನ ಬದಲು ಮಾತಾಡ್ತಾರೆ ಅಂತ. ಥೂ! ಓದಿ. ಮುಗಿಸ್ಬಿಡೋಣ."

ಅವನು ಹಾಳೆ ಕೆಳಗಿಟ್ಟ.

"ಓದಿ ಅಂದೆ."

"ಈ ಮುದುಕ ಬೇಡ. ಹೊಡೆದುಹಾಕಿ."

"ಓದೋರಿಗೆ ಆ ಹಕ್ಕಿಲ್ಲ. ನಂಗೂ ಇಲ್ಲ." ಪೆನ್ಸಿಲನ್ನು ಎತ್ತಿ ಮೇಜಿನ ಮೇಲೆ ಅವನತ್ತ ಉರುಳಿಸಿದಳು. "ಬರೆದೋನು ಬಂದು ಹೊಡೆದುಹಾಕ್ಬೇಕು."

ಪೆನ್ಸಿಲು ಉರುಳಿ ಬಂದು ಅವನ ಬೆರಳಿಗೆ ತಾಗಿ ನಿಂತಿತು. ಅವನ ಎದೆಯೊಳಗೆ ಪಿಸುಮಾತಿನ ಆ ಇಡೀ ಊರು ಉಸಿರು ಬಿಗಿಹಿಡಿದು ಕೂತಿತ್ತು.

"ಬರೆದೋನು... ನಾನು" ಅಂದ.

"ಕೇಳಿಸ್ಲಿಲ್ಲ. ಮಷೀನು."

"ನಾನು ಬರೆದದ್ದು."

"ಏನು?" ಅವಳು ಕಿವಿಗೆ ಕೈ ಅಡ್ಡ ಹಿಡಿದಳು. ಕಣ್ಣು ಮಾತ್ರ ಕನ್ನಡಕದ ಗಾಜಿನ ಹಿಂದಿನಿಂದ, ಜಾರದೆ, ನೆಟ್ಟಗೆ ಅವನ ಮೇಲಿತ್ತು.

"ನಾನೇ ಬರೆದದ್ದು!" ಎದ್ದು ನಿಂತು ಕೂಗಿದ. "ಇದು ನನ್ನ ಪುಸ್ತಕ! ನನ್ನ ಹುಡುಗಿ! ಆ ಮುದುಕನ್ನ ಹೆದರಿಕೆಯಿಂದ ತುರುಕಿದ್ದೂ ನಾನೇ!"

ಪಕ್ಕದ ಕೋಣೆಯಲ್ಲಿ ಮಷೀನು ಗಕ್ಕನೆ ನಿಂತಿತು. ಮಷೀನಿನವನು ಬಾಗಿಲಿಗೆ ಓಡಿ ಬಂದ. "ಏನಾಯ್ತು? ಯಾರ ಕೈ ಸಿಕ್ಕೊಳ್ತು?"

ಹೊರಗಿನ ಕೋಣೆಯಿಂದ ದೊಡ್ಡಮ್ಮನ ದನಿ ತೇಲಿ ಬಂತು. "ಯಾರದ್ದೂ ಇಲ್ಲ ಕಣಪ್ಪ. ಒಬ್ಬನಿಗೆ ಗಂಟಲು ಬಂತು ಅಷ್ಟೆ. ನೀನು ನಡಿ."

ಮಷೀನಿನವನು ಹೋದ. ಇವನು ಕೂತ.

"ಅಬ್ಬಾ" ಅಂದಳು ಸೂಜಿ. "ರಾಕ್ಷಸ ಎದ್ದ."

"ನಿಮಗೆ... ಗೊತ್ತಿತ್ತಾ?"

"ಕಣ್ಣು ತಪ್ಪಿದ್ರೆ ಇರೋ ಸಾಲು ಬಿಟ್ಟುಹೋಗುತ್ತೆ, ಓದೋರೇ. ಇಲ್ಲದ ಸಾಲು ಹುಟ್ಟಲ್ಲ. ನನ್ನ ಹಾಳೆಯಲ್ಲೂ ಇಲ್ಲ, ನಿಮ್ಮ ಹಾಳೆಯಲ್ಲೂ ಇಲ್ಲ. ಇನ್ನೆಲ್ಲಿಂದ ಬರುತ್ತೆ?"

"ಹಾಗಾದ್ರೆ ಆಮೇಲೆ ಬೈದದ್ದೆಲ್ಲ..."

"ಎದುರಿಗೇ ಬೈದ್ರೂ ಸುಮ್ನಿರ್ತಾನಾ ನೋಡೋಣ ಅಂತ. ಇದ್ರಿ. ಕಲ್ಲೂ ಬಂದು ನಿಮ್ಮ ಹತ್ರ ಪಾಠ ಹೇಳಿಸ್ಕೋಬೇಕು."

"ಅಂದ್ರೆ ಪುಸ್ತಕ ಅಷ್ಟು ಕೆಟ್ಟದ್ದಲ್ಲ?"

"ಕೆಟ್ಟದ್ದೇ!" ಅವಳು ನೋಟ ಪಕ್ಕಕ್ಕೆ ತಿರುಗಿಸಿದಳು. ಕತ್ತಿನ ಕೆಳಗಿನಿಂದ ಕೆಂಪು ನಿಧಾನ ಮೇಲೇರುತ್ತಿತ್ತು. "ಆ ಒಂದು ಸಾಲು ಬಿಟ್ಟು. ಉಸಿರು ಅವಳದೇ ಆಗಿತ್ತು. ಅದನ್ನ ನಾನು ಮನೆಗೆ ಹೊತ್ಕೊಂಡು ಹೋದೆ. ಅನ್ನ ಬಡಿಸ್ಕೊಳ್ಳೋವಾಗ್ಲೂ ಅದೇ. ಅಂಥದ್ದನ್ನ ಬರೆಯೋಕೆ ಬರೋನು ಅದನ್ನೇ ಹೊಡೆದುಹಾಕಿದ್ದಾನಲ್ಲ ಅಂತ ಮೈಯೆಲ್ಲ ಉರೀತು. ಕೆಟ್ಟ ಲೇಖಕರನ್ನ ನಾನು ದಿನಾ ನೋಡ್ತೀನಿ, ಕನಿಕರ ಬರುತ್ತೆ. ಒಳ್ಳೇದು ಕೈಯಲ್ಲಿದ್ದೂ ಬಚ್ಚಿಡೋರನ್ನ ಕಂಡ್ರೆ ಮಾತ್ರ ಹೇಸಿಗೆ."

ಹಿರಿಯರು ಹೇಳುವುದುಂಟು, ದೇವರು ಕೊಟ್ಟದ್ದನ್ನು ಬೇಡವೆಂದವನನ್ನು ದೇವರೂ ಎರಡನೇ ಸಲ ಕರೆಯುವುದಿಲ್ಲ ಎಂದು. ಸೂಜಿ ಕರೆದಿದ್ದಳು, ಮೂರು ನಾಲ್ಕು ಸಲ.

ಅವನು ಪೆನ್ಸಿಲು ಎತ್ತಿದ. ಮಾಂತ್ರಿಕನ ಮೇಲೆ, ಗಡ್ಡದಿಂದ ಪಾದದವರೆಗೆ, ಒಂದೇ ಗೆರೆ ಎಳೆದ. ಹಾಳೆಯಲ್ಲಿ ಇಲ್ಲದ್ದನ್ನು ನೆನಪಿನಿಂದ ಹೇಳತೊಡಗಿದ. ಅವಳು ಇನ್ನೊಂದು ಪೆನ್ಸಿಲು ತೆಗೆದು ಕರಡಿನ ಅಂಚಿನಲ್ಲಿ ಬರೆದುಕೊಂಡಳು. ಸೀಟಿ ಒಡೆಯಿತು. ಹುಡುಗಿ ಬರಿಗೈಯಲ್ಲಿ ನಿಂತು, ತನ್ನ ಉಸಿರನ್ನೆಲ್ಲ ಕೂಡಿಸಿ, ರಾಕ್ಷಸನನ್ನು ಕೂಗಿ ಕರೆದಳು. ಬೆಟ್ಟ ಅಲುಗಿತು. ರಾಕ್ಷಸ ಕಣ್ಣುಜ್ಜುತ್ತ ಹೊರಗೆ ಬಂದು ಕೇಳಿದ: "ಇಷ್ಟು ವರ್ಷ ಯಾಕೆ ಯಾರೂ ಕರೀಲಿಲ್ಲ?"

ಅವಳು ಆ ಸಾಲಿನ ಕೆಳಗೆ ಒಂದು ಗೆರೆ ಎಳೆದಳು.

"ಇದು ಇರ್ಲಿ" ಅಂದಳು. "ಆದ್ರೆ ಮೇಕೆ ಹೋಗ್ಬೇಕು."

"ಮೇಕೆ ಇರುತ್ತೆ."

ಅವಳು ತಲೆಯೆತ್ತಿದಳು. "ಏನಂದ್ರಿ?"

"ಮೇಕೆ ಇರುತ್ತೆ. ಆ ಹುಡುಗಿ ಯಾರ ಹತ್ರಾನೂ ಮಾತಾಡಲ್ಲ. ಅದರ ಹತ್ರ ಮಾತ್ರ ಮಾತಾಡ್ತಾಳೆ. ನೀವು ಎಷ್ಟು ಬೈದ್ರೂ ಇರುತ್ತೆ." ಈ ಸಲ ಕೆಮ್ಮಲಿಲ್ಲ. ನೇರವಾಗಿ ಅವಳ ಕಣ್ಣನ್ನೇ ನೋಡುತ್ತಿದ್ದ.

ತುಟಿಯ ಒಂದು ಕೊನೆ ಮೇಲೇರಿತು. ಇನ್ನೊಂದು ಕೊನೆ ಅದನ್ನು ಕೆಳಗೆಳೆಯಲು ನೋಡಿ ಸೋತಿತು. "ಇರ್ಲಿ. ಉಪದೇಶ ಮಾತ್ರ ಕಮ್ಮಿ ಮಾಡ್ಲಿ. ಆ ಕ್ಯಾಲೆಂಡರ್ ಮಾತು ಹೋಗ್ಲಿ."

"ಅದು ಹೋಗ್ಲಿ" ಎಂದು ಒಪ್ಪಿಕೊಂಡ.

ಮಷೀನಿನವನು ದೀಪ ಆರಿಸಿ ಮನೆಗೆ ಹೋದ. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಈಗ ಪಿಸುಗುಟ್ಟಿದರೂ ಸಾಕಿತ್ತು. ಅವನು ಪಿಸುಗುಟ್ಟಲಿಲ್ಲ.

"ಸೋಮವಾರದಿಂದ ಈ ಕುರ್ಚಿ ನಂದಲ್ಲ" ಅಂದ. "ಆದ್ರೂ ಬರ್ತೀನಿ. ಕನ್ನಡಕದ ಸ್ಕ್ರೂ ನೆಪ ಹೇಳಲ್ಲ. ನಿಮ್ಮನ್ನ ನೋಡೋಕೇ ಬರ್ತೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಹಾಳೆಗಳನ್ನು ಜೋಡಿಸಿ ಮೇಜಿಗೆ ತಟ್ಟಿ ಅಂಚು ಸರಿಮಾಡಿದಳು. ಸರಿಯಿದ್ದ ಅಂಚನ್ನೇ ಮತ್ತೆ ತಟ್ಟಿದಳು.

"ಪೂರ್ತಿ ಓದ್ಲಿಲ್ಲ ನೀವು" ಅಂದಳು, ತಲೆ ಎತ್ತದೆ. "'ತುಂಬಾ ಇಷ್ಟ' ಆದ್ಮೇಲೆ ಏನಿದೆ? ಚುಕ್ಕಿನಾ?"

"ಉದ್ಗಾರ."

"ಎಷ್ಟು?"

ಅವನು ಒಂದು ಗಳಿಗೆ ಹಿಂದೆಮುಂದೆ ನೋಡಿದ. ಆಮೇಲೆ ಧೈರ್ಯವಾಗಿ ಹೇಳಿದ, "ಮೂರು."

ಸೂಜಿ ನಿಟ್ಟುಸಿರಿಟ್ಟಳು. ಕೆಂಪು ಪೆನ್ಸಿಲನ್ನು ಅವನ ಕೈಯಿಂದ ತೆಗೆದುಕೊಂಡು, ತುರುಬಿಗೆ ಸಿಕ್ಕಿಸಿಕೊಂಡಳು.

"ಇರ್ಲಿ ಬಿಡಿ" ಅಂದಳು.